ಬೀಗದ ಕೋಣೆಯಲ್ಲಿ ಕಂಪ್ಯೂಟರ್, ಅಂಗಡಿಯವನ ಬುಕ್ಕಿನಲ್ಲಿ ಪಾಸ್‌ವರ್ಡ್

ರಾಯಚೂರು: ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನ ಹಳ್ಳಿ ಕಡೆಯ ಯಾವುದಾದರೂ ಝೆರಾಕ್ಸ್ ಅಂಗಡಿ ಮುಂದೆ ಒಂದು ತಾಸು ನಿಂತರೆ ಸಾಕು. ಈ ಜಿಲ್ಲೆಯ ಕಂಪ್ಯೂಟರ್ ಶಿಕ್ಷಣದ ಹಕೀಕತ್ತು ಪೂರ್ತಿ ತಿಳಿದುಬಿಡುತ್ತದೆ. ಮೇಲೆ ಬಿಸಿಲು. ಕೆಳಗೆ ಒಬ್ಬ ಹುಡುಗ, ಅವನ ಜೊತೆ ಅವನ ಅಪ್ಪ, ಅಪ್ಪನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಜಾತಿ-ಆದಾಯದ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು. ಅಂಗಡಿಯ ತಮ್ಮ ಬಟನ್ ಒತ್ತಿ ಅಂಕಪಟ್ಟಿ ತೆಗೆದುಕೊಡುತ್ತಾನೆ. ಪಿಯುಸಿ ಅರ್ಜಿಗೆ ಬೇಕಾದ ಕಾಗದ ಹೊಂದಿಸುತ್ತಾನೆ. ಎಸ್‌ಎಸ್‌ಪಿ ಎಂದು ಕರೆಯುವ ರಾಜ್ಯ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಾನೆ. ಕೇಳಿದಷ್ಟು ರೊಕ್ಕ ಕೊಟ್ಟು ಅಪ್ಪ-ಮಗ ಬಸ್ಸಿಗೆ ಹೋಗುತ್ತಾರೆ.

ಇದರೊಳಗೆ ಒಂದು ಸಣ್ಣ ಸಂಗತಿ ಯಾರ ಕಣ್ಣಿಗೂ ಬೀಳುವುದಿಲ್ಲ. ವಿದ್ಯಾರ್ಥಿವೇತನದ ಖಾತೆ ತೆರೆಯುವಾಗ ಪಾಸ್‌ವರ್ಡ್ ಇಡಬೇಕು. ಹುಡುಗನಿಗೆ ಗೊತ್ತಿಲ್ಲ, ಅಪ್ಪನಿಗೆ ಮೊದಲೇ ಗೊತ್ತಿಲ್ಲ. ಅಂಗಡಿಯವನೇ ಒಂದು ಇಟ್ಟು ತನ್ನ ಉದ್ದನೆ ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಬರುವ ವರ್ಷ ಮತ್ತೆ ಅಲ್ಲಿಗೇ ಬರಬೇಕು. ಓಟಿಪಿ ಯಾವ ಫೋನಿಗೆ ಬರುತ್ತದೆ? ಆ ಫೋನು ಇಟ್ಟುಕೊಂಡ ಅಣ್ಣ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಸೆಂಟ್ರಿಂಗ್ ಕೆಲಸದಲ್ಲಿರುತ್ತಾನೆ. ಅವನಿಗೆ ಫೋನು ಹಚ್ಚಿ, ಆರು ಅಂಕಿ ಕೂಗಿಸಿಕೊಂಡು, ಅಂಗಡಿ ತಮ್ಮನಿಗೆ ಹೇಳಿ, ಅಷ್ಟರಲ್ಲಿ ಟೈಮು ಮುಗಿದು, ಮತ್ತೊಮ್ಮೆ.

ಈ ಹುಡುಗ ಎಂಟು, ಒಂಬತ್ತು, ಹತ್ತು ಅಂತ ಮೂರು ವರ್ಷ ಹೈಸ್ಕೂಲು ಓದಿದವನು. ಅವನ ಸಾಲಿಯಲ್ಲಿ ‘ಕಂಪ್ಯೂಟರ್ ಕೊಠಡಿ’ ಎಂದು ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಕೋಣೆಯೂ ಇದ್ದೀತು. ಹಾಗಾದರೆ ತನ್ನ ಪಾಸ್‌ವರ್ಡ್ ತಾನು ಇಟ್ಟುಕೊಳ್ಳುವಷ್ಟಾದರೂ ವಿದ್ಯೆ ಅವನಿಗೆ ಯಾಕೆ ಬರಲಿಲ್ಲ?

ಯಾಪಲದಿನ್ನಿಯಂಥ ಊರಿನಿಂದ ಈ ಪ್ರಶ್ನೆ ಕೇಳಬೇಕು. ರಾಯಚೂರು ತಾಲೂಕಿನ ಗಡಿ ಕಡೆಯ ಗ್ರಾಮ ಪಂಚಾಯಿತಿ ಊರು ಅದು. ಹೆಸರಿನಲ್ಲೇ ಎರಡು ಭಾಷೆ ಕೂತಿವೆ. ಯಾಪ ಎಂದರೆ ಆ ಕಡೆಯ ತೆಲುಗು ಮಾತಿನಲ್ಲಿ ಬೇವು, ದಿನ್ನಿ ಎಂದರೆ ದಿನ್ನೆ. ಮನೆಯಲ್ಲಿ ತೆಲುಗು, ಸಾಲಿಯಲ್ಲಿ ಕನ್ನಡ, ಕಂಪ್ಯೂಟರಿನ ಪರದೆ ಮೇಲೆ ಇಂಗ್ಲಿಷು. ಇಂಥ ಊರುಗಳ ಮಕ್ಕಳು ಮೂರು ಭಾಷೆಯ ಹೊಳೆ ದಾಟಿ ಮೌಸಿನ ತನಕ ಬರಬೇಕು. ಬಂದ ಮೇಲೆ ಬಾಗಿಲಿಗೆ ಬೀಗ.

ಪೆಟ್ಟಿಗೆ ಬಂದದ್ದು ಎಷ್ಟು ಸಲ

ಸಾಲಿಗಳಿಗೆ ಕಂಪ್ಯೂಟರ್ ಕೊಡಲಿಲ್ಲ ಎಂದು ಸರಕಾರದ ಮೇಲೆ ದೂರು ಹೇಳುವುದು ತಪ್ಪಾಗುತ್ತದೆ. ಕೊಟ್ಟಿದೆ. ಒಂದಲ್ಲ, ನಾಲ್ಕೈದು ಸಲ ಕೊಟ್ಟಿದೆ.

ಮೊದಲ ಸಲ 1984-85ರಲ್ಲಿ. ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆ ಮಾಡಿತು. ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಎಂಬ ಯಂತ್ರಗಳನ್ನು ದೇಶದ ಆಯ್ದ ಸಾಲಿಗಳಿಗೆ ಹಂಚಿತು. ಆ ಯಂತ್ರದ ಜನಪ್ರಿಯ ಮಾದರಿಯ ನೆನಪಿನ ಶಕ್ತಿ 32 ಕಿಲೋಬೈಟು. ಇವತ್ತು ಮೊಬೈಲಿನಲ್ಲಿ ಕಳಿಸುವ ಒಂದು ‘ಶುಭೋದಯ’ದ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಆದರೂ ಇಂಗ್ಲೆಂಡಿನ ಒಂದು ತಲೆಮಾರಿನ ಹುಡುಗರು ಅದೇ ಯಂತ್ರದ ಮುಂದೆ ಕೂತು ಪ್ರೋಗ್ರಾಂ ಬರೆಯಲು ಕಲಿತರು. ಯಂತ್ರ ಸಣ್ಣದಿತ್ತು ಎಂಬುದು ಕಲಿಯದಿರಲು ಕಾರಣವಲ್ಲ ಎನ್ನಲು ಇಷ್ಟು ಸಾಕು. ಅದೇ 1985ರಲ್ಲಿ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವೂ ಶುರುವಾಯಿತು. ಇದು ಸುಮ್ಮನೆ ನೆನಪಿಗೆ. ಇದಕ್ಕೆ ಮುಂದೆ ಬರೋಣ.

ಎರಡನೆಯದು ರಾಜ್ಯದ್ದೇ ಯೋಜನೆ, ‘ಮಾಹಿತಿ ಸಿಂಧು’. 2001ರಲ್ಲಿ ಶುರುವಾಗಿ 1000 ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು. ಯಂತ್ರ ತರುವುದೂ, ಕಲಿಸುವವರನ್ನು ಇಡುವುದೂ ಖಾಸಗಿ ಕಂಪನಿಗಳ ಗುತ್ತಿಗೆ. ಅದಾದ ಮೇಲೆ ಕೇಂದ್ರದ ನೆರವಿನ ಐಸಿಟಿ ಯೋಜನೆ. ಇಡೀ ದೇಶಕ್ಕೆ ಅದು ಬಂದದ್ದು 2004ರ ಡಿಸೆಂಬರಿನಲ್ಲಿ. ಅಲ್ಲಿಯೂ ಗುತ್ತಿಗೆಯೇ. ಕಂಪನಿಯವರು ತಾವೇ ಕಂಪ್ಯೂಟರ್ ತಂದು ಕೂಡಿಸಬೇಕು, ಐದು ವರ್ಷ ನಡೆಸಬೇಕು, ಆಮೇಲೆ ಸಾಲಿಗೆ ಒಪ್ಪಿಸಿ ಹೋಗಬೇಕು. ಕಾಗದದ ಮೇಲೆ ಚಂದದ ಏರ್ಪಾಡು. ಆದರೆ ಐದು ವರ್ಷ ಕಳೆದ ಮೇಲೆ ಒಪ್ಪಿಸಿದ್ದು ಏನನ್ನು? ಐದು ವರ್ಷ ಹಳೆಯದಾದ ಯಂತ್ರ, ಬೆನ್ನು ಬಿಟ್ಟ ಬ್ಯಾಟರಿ, ಒಂದು ಬೀಗದ ಕೈ. ಕಲಿಸುತ್ತಿದ್ದ ಹುಡುಗ ಗುತ್ತಿಗೆಯವನು. ಗುತ್ತಿಗೆ ಮುಗಿದ ದಿನ ಅವನ ನೌಕರಿಯೂ ಮುಗಿಯಿತು. ಅವನನ್ನು ಒಪ್ಪಿಸುವ ಕಲಮು ಕರಾರಿನಲ್ಲಿ ಇರಲಿಲ್ಲ.

2016-17ರಿಂದ ‘ಟಾಲ್ಪ್’ ಬಂತು. ಈ ಸಲ ಇಲಾಖೆ ಸ್ವಲ್ಪ ಬುದ್ಧಿವಂತಿಕೆ ತೋರಿಸಿತು ಎನ್ನಬೇಕು. ಹೊರಗಿನವರನ್ನು ತರುವ ಬದಲು ಇದ್ದ ಮಾಸ್ತರರಿಗೇ ತರಬೇತಿ ಕೊಟ್ಟು, ಅವರವರ ಪಾಠವನ್ನು ಕಂಪ್ಯೂಟರ್ ಇಟ್ಟುಕೊಂಡು ಮಾಡಿರಿ ಎಂದಿತು. ಗಣಿತದವರು ರೇಖಾಗಣಿತ ತೋರಿಸಲಿ, ವಿಜ್ಞಾನದವರು ಹೃದಯ ಬಡಿಯುವುದನ್ನು ತೋರಿಸಲಿ. ಒಳ್ಳೆಯದೇ. ಆದರೆ ಮಾಸ್ತರರು ಕಂಪ್ಯೂಟರ್ ಹಚ್ಚಿ ಪಾಠ ಮಾಡುವುದು ಬೇರೆ, ಮಕ್ಕಳು ಕಂಪ್ಯೂಟರ್ ಕಲಿಯುವುದು ಬೇರೆ. ಸಿನೆಮಾ ನೋಡಿದವನಿಗೆ ಕ್ಯಾಮೆರಾ ಹಿಡಿಯಲು ಬರುವುದಿಲ್ಲ.

ಹೀಗೆ ಬಂದ ಪೆಟ್ಟಿಗೆಗಳೆಲ್ಲ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಏರಿಕೊಳ್ಳುತ್ತವೆ. ಏರಿದ್ದು ಇಳಿಯುವುದು ಮಹಾ ಕಷ್ಟ. ಕೆಟ್ಟ ಯಂತ್ರವನ್ನು ತೆಗೆದು ಹಾಕಲು ಮೇಲಿನವರ ಪರವಾನಗಿ ಬೇಕು. ನಡೆಯುವ ಯಂತ್ರ ಕಳುವಾದರೆ ಉತ್ತರ ಕೊಡುವವರು ಹೆಡ್ ಮಾಸ್ತರು. ರಾತ್ರಿ ಕಾವಲುಗಾರ ಇಲ್ಲದ ಸಾಲಿಯಲ್ಲಿ ಅವರೇನು ಮಾಡಬೇಕು? ಬೀಗ ಹಾಕಬೇಕು. ಹಾಕುತ್ತಾರೆ. ಹುಡುಗರು ಮುಟ್ಟದಿದ್ದರೆ ಯಂತ್ರ ಕೆಡುವುದಿಲ್ಲ, ಕೆಡದಿದ್ದರೆ ಆಡಿಟಿನಲ್ಲಿ ಆಕ್ಷೇಪಣೆ ಬರುವುದಿಲ್ಲ. ಹೆಡ್ ಮಾಸ್ತರರನ್ನು ಬೈದು ಉಪಯೋಗವಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡ್ತಾರ.

ಪಹಣಿಯ ಕಂಪ್ಯೂಟರ್ ಯಾಕೆ ನಿಲ್ಲಲಿಲ್ಲ?

ಈ ಸೀಮೆಯ ರೈತ ಕಂಪ್ಯೂಟರ್ ಎಂಬ ಶಬ್ದ ಕೇಳಿದ್ದು ಸಾಲಿಯಿಂದಲ್ಲ, ತಹಶೀಲ್ ಕಚೇರಿಯಿಂದ. 2000ರಿಂದ 2002ರ ಒಳಗೆ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ. ಅದರಲ್ಲೂ ತಪ್ಪು ಹೆಸರು, ತಪ್ಪು ಎಕರೆ-ಗುಂಟೆ ಅಂತ ತಕರಾರು ಬೇಕಾದಷ್ಟು ಬಂದವು, ಇವತ್ತಿಗೂ ತಿದ್ದುಪಡಿಗೆ ಅಲೆಯುವವರು ಇದ್ದಾರೆ. ಆದರೆ ಆ ಕಂಪ್ಯೂಟರಿಗೆ ಧೂಳು ಹಿಡಿಯಲಿಲ್ಲ. ಅದರ ಮೇಲೆ ಯಾರೂ ಬಟ್ಟೆ ಹೊದಿಸಿ ಇಡಲಿಲ್ಲ.

ಯಾಕೆ? ಕಾರಣ ಒಂದೇ. ಗ್ರಾಮ ಲೆಕ್ಕಿಗರು ಕೈಯಿಂದ ಬರೆದು ಕೊಡುವ ಪಹಣಿ ನಡೆಯುವುದಿಲ್ಲ ಎಂದು ಸರಕಾರ ಹುಕುಂ ಮಾಡಿತು. ಹಳೇ ಬಾಗಿಲು ಮುಚ್ಚಿತು. ಬ್ಯಾಂಕಿನ ಸಾಲಕ್ಕೆ, ಮಾರಾಟಕ್ಕೆ, ಕೋರ್ಟಿಗೆ, ಎಲ್ಲದಕ್ಕೂ ಕಂಪ್ಯೂಟರ್ ಪಹಣಿಯೇ ಬೇಕು. ಕರೆಂಟು ಹೋದರೆ ಜನ ಗಲಾಟೆ ಮಾಡಿದರು, ಗಲಾಟೆ ಆದ್ದರಿಂದ ಬ್ಯಾಟರಿ ಬಂತು. ಆಪರೇಟರ್ ಬರದಿದ್ದರೆ ತಹಶೀಲ್ದಾರರ ಮೇಜಿನ ಮುಂದೆ ನೂರು ಮಂದಿ. ಯಂತ್ರಕ್ಕೆ ಬೆಲೆ ಬಂದದ್ದು ಅದರ ಮೇಲೆ ಏನೋ ಒಂದು ನಿಂತಿತ್ತು ಎಂಬ ಕಾರಣಕ್ಕೆ.

ಸಾಲಿಯ ಕಂಪ್ಯೂಟರಿನ ಮೇಲೆ ಏನು ನಿಂತಿದೆ? ಏನೂ ನಿಂತಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಭಾಷೆಗಳು ಇವೆ, ಗಣಿತ ಇದೆ, ವಿಜ್ಞಾನ ಇದೆ, ಸಮಾಜ ವಿಜ್ಞಾನ ಇದೆ. ಎಲ್ಲ ಮಕ್ಕಳೂ ಓದಲೇಬೇಕಾದ ವಿಷಯಗಳ ಪಟ್ಟಿಯಲ್ಲಿ ಕಂಪ್ಯೂಟರ್ ಇಲ್ಲ. ಆಯ್ದ ಕೆಲವು ಸಾಲಿಗಳಲ್ಲಿ ವೃತ್ತಿ ಶಿಕ್ಷಣದ ಹೆಸರಿನಲ್ಲಿ ಮಾಹಿತಿ ತಂತ್ರಜ್ಞಾನ ತೆಗೆದುಕೊಳ್ಳಬಹುದು, ಅದು ಆ ಸಾಲಿಯವರ ಪುಣ್ಯ. ಉಳಿದ ಕಡೆ ಅಂಕ ಇಲ್ಲ, ಆದ್ದರಿಂದ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲವೆಂದು ಪೀರಿಯಡ್ ಇಲ್ಲ, ಪೀರಿಯಡ್ ಇಲ್ಲದ ಮೇಲೆ ಕೇಳುವವರಿಲ್ಲ. ಕರೆಂಟು ಹೋದರೂ ಯಾರೂ ಗಲಾಟೆ ಮಾಡುವುದಿಲ್ಲ. ಜಿಲ್ಲೆಯ ಫಲಿತಾಂಶ ಎಷ್ಟನೇ ಸ್ಥಾನಕ್ಕೆ ಬಂತು ಎಂದು ಪ್ರತಿ ವರ್ಷ ಅಧಿಕಾರಿಗಳ ಸಭೆಯಲ್ಲಿ ಬೆವರು ಇಳಿಯುತ್ತದಲ್ಲ, ಆ ಲೆಕ್ಕದಲ್ಲಿ ಬರದ ಯಾವುದನ್ನೂ ಯಾವ ಮಾಸ್ತರನೂ ಜನವರಿಯ ನಂತರ ಮುಟ್ಟುವುದಿಲ್ಲ. ಜನವರಿಗಿಂತ ಮುಂಚೆ ಹತ್ತಿ ಬಿಡಿಸುವ ಕಾಲ, ಅರ್ಧ ಹುಡುಗರು ಹೊಲದಲ್ಲಿ.

ಹತ್ತಿರದ ಕನ್ನಡ, ದೂರದ ಕನ್ನಡ

1956ರ ನವೆಂಬರ್ 1ರಂದು ರಾಯಚೂರು ಹೈದರಾಬಾದ್ ಸಂಸ್ಥಾನದಿಂದ ಬಿಟ್ಟು ಕನ್ನಡ ರಾಜ್ಯಕ್ಕೆ ಬಂತು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಒಂದು ಕಡೆ ಪೇಢೆ ಹಂಚಿದರು, ಇನ್ನೊಂದು ಕಡೆ ಕಣ್ಣೀರು ಹಾಕಿದರು. ಕಾಸರಗೋಡಿನ ಕನ್ನಡ ಸಾಲಿಗಳ ಗೋಳು ಇವತ್ತಿಗೂ ಮುಗಿದಿಲ್ಲ. ಕನ್ನಡ ಬರದ ಮಾಸ್ತರರನ್ನು ಕನ್ನಡ ಸಾಲಿಗೆ ಹಾಕುತ್ತಾರೆ ಎಂಬ ದೂರು ಮತ್ತೆ ಮತ್ತೆ ಬರುತ್ತದೆ.

ಆದರೆ ಒಂದು ವಿಷಯದಲ್ಲಿ ಅಲ್ಲಿನ ಕನ್ನಡದ ಹುಡುಗ ಯಾಪಲದಿನ್ನಿಯ ಹುಡುಗನಿಗಿಂತ ಮುಂದಿದ್ದಾನೆ. ಅವನಿಗೆ ಸಾಲಿಯಲ್ಲಿ ಕಂಪ್ಯೂಟರ್ ಒಂದು ವಿಷಯ. ಅದಕ್ಕೆ ಪಠ್ಯಪುಸ್ತಕ ಉಂಟು, ಆ ಪುಸ್ತಕ ಕನ್ನಡದಲ್ಲೇ ಅಚ್ಚಾಗುತ್ತದೆ, ಕೇರಳ ಸರಕಾರವೇ ಅಚ್ಚು ಹಾಕುತ್ತದೆ! ಕನ್ನಡದ ಮಗುವಿಗೆ ಕಂಪ್ಯೂಟರಿನ ಸರಕಾರಿ ಪುಸ್ತಕ ಬೇಕೆಂದರೆ ತಿರುವನಂತಪುರದ ಕಡೆ ನೋಡಬೇಕಾದ ಪರಿಸ್ಥಿತಿಗೆ ಏನು ಹೇಳುವುದು?

ಕೇರಳದವರು ‘ಐಟಿ ಅಟ್ ಸ್ಕೂಲ್’ ಶುರು ಮಾಡಿದ್ದು 2001-02ರ ಸುಮಾರಿಗೆ. ಇಲ್ಲಿ ಮಾಹಿತಿ ಸಿಂಧು ಹರಿದ ಹೊತ್ತಿಗೇ. ಎರಡೂ ರಾಜ್ಯ ಒಂದೇ ಗೆರೆಯ ಮೇಲೆ ನಿಂತು ಓಟ ಶುರು ಮಾಡಿದವು. ಅವರು ಗುತ್ತಿಗೆ ಕಂಪನಿಗಳ ಕೈಗೆ ಕೊಡಲಿಲ್ಲ. ಪ್ರತಿ ಸಾಲಿಯಲ್ಲಿ ಇದ್ದ ಮಾಸ್ತರರನ್ನೇ ತಯಾರು ಮಾಡಿದರು. ದುಡ್ಡು ಕೊಟ್ಟು ಲೈಸೆನ್ಸ್ ಕೊಳ್ಳಬೇಕಿಲ್ಲದ ಸ್ವತಂತ್ರ ತಂತ್ರಾಂಶ ಹಾಕಿಕೊಂಡರು. ಮುಖ್ಯವಾದದ್ದು ಇದು: 2005ಕ್ಕೆ ಎಸ್‌ಎಸ್‌ಎಲ್‌ಸಿಯಲ್ಲಿ ಕಂಪ್ಯೂಟರನ್ನು ಕಡ್ಡಾಯ ವಿಷಯ ಮಾಡಿಬಿಟ್ಟರು. ಹುಡುಗ ಕಂಪ್ಯೂಟರಿನ ಮುಂದೆಯೇ ಕೂತು ಪರೀಕ್ಷೆ ಕೊಡಬೇಕು. ಅಂದ ಮೇಲೆ ಯಂತ್ರ ನಡೆಯಲೇಬೇಕು. ಕೆಟ್ಟರೆ ಪರೀಕ್ಷೆಗೆ ಮುಂಚೆ ದುರಸ್ತಿ ಆಗಲೇಬೇಕು. ಕೋಣೆಯ ಬೀಗ ತಾನಾಗಿ ತೆರೆಯಿತು. 2018ರಿಂದ ‘ಲಿಟಲ್ ಕೈಟ್ಸ್’ ಅಂತ ಹೈಸ್ಕೂಲ್ ಮಕ್ಕಳದೇ ಕಂಪ್ಯೂಟರ್ ಸಂಘಗಳಾದವು. 2025ರಲ್ಲಿ ಹತ್ತನೇ ತರಗತಿಗೆ ರೋಬೋಟಿನ ಪಾಠವೂ ಸೇರಿತು.

ಅಲ್ಲಿನ ಭೂಮಿ ಬೇರೆ, ಸಾಕ್ಷರತೆ ಬೇರೆ, ಹೋಲಿಸಬೇಡಿರಿ ಎನ್ನುವವರು ಇದ್ದಾರೆ. ಖರೆ. ಆದರೆ ಪರೀಕ್ಷೆಯಲ್ಲಿ ಒಂದು ವಿಷಯ ಸೇರಿಸಲು ಮಳೆ ಹೆಚ್ಚು ಬೀಳಬೇಕಾಗಿಲ್ಲ.

ದುಡ್ಡಿಲ್ಲ ಎಂದು ಯಾರೂ ಹೇಳಬಾರದು

ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು, ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿ ಮಾಡಿತು. ದೇವದುರ್ಗ, ಮಾನ್ವಿ ಆ ಪಟ್ಟಿಯಲ್ಲಿದ್ದವು. ದೇವದುರ್ಗವಂತೂ ತಳದಲ್ಲಿ. ಆಮೇಲೆ ಹೋರಾಟ ಆಯಿತು, ಸಂವಿಧಾನಕ್ಕೆ ತಿದ್ದುಪಡಿಯಾಗಿ 371-ಜೆ ಬಂತು, 2013ರಲ್ಲಿ ಮಂಡಳಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಯಿತು. ಮಂಡಳಿಯವರು ‘ಅಕ್ಷರ ಆವಿಷ್ಕಾರ’ ಎಂಬ ಹೆಸರಿನಲ್ಲಿ ಸಾಲಿಗಳಿಗೆಂದೇ ಹಣ ಇಟ್ಟಿದ್ದಾರೆ. ಕೋಣೆ ಕಟ್ಟಬಹುದು, ಪರದೆ ತರಬಹುದು, ಸ್ಮಾರ್ಟ್ ಕ್ಲಾಸ್ ಎಂದು ರಿಬ್ಬನ್ ಕತ್ತರಿಸಬಹುದು. ಕತ್ತರಿಸುವ ಕೆಲಸಕ್ಕೆ ಜನಪ್ರತಿನಿಧಿಗಳು ಯಾವತ್ತೂ ಹಿಂದೆ ಬಿದ್ದವರಲ್ಲ. ಒಮ್ಮೆ ಖರ್ಚು ಮಾಡಿ ಫೋಟೋ ತೆಗೆಸಿಕೊಳ್ಳುವ ಕಾಮಗಾರಿಗೆ ರೊಕ್ಕ ಸಿಗುತ್ತದೆ. ತಿಂಗಳಾ ತಿಂಗಳಾ ಕರೆಂಟು ಬಿಲ್ಲು, ಇಂಟರ್ನೆಟ್ ಬಿಲ್ಲು, ಕೀಲಿಮಣೆ ದುರಸ್ತಿ, ಇದಕ್ಕೆ ಫೋಟೋ ಇಲ್ಲ.

ಅದೇ ರಾಯಚೂರು ತಾಲೂಕಿನ ವಡವಾಟಿಯಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗೆ, ಅಂದರೆ ಟ್ರಿಪಲ್ ಐಟಿಗೆ, ಜಾಗ ಕೊಟ್ಟಿದ್ದಾರೆ. ಸಂಸ್ಥೆ ಹುಟ್ಟಿದ್ದು 2019ರಲ್ಲಿ. ದೇಶದ ಮೂಲೆ ಮೂಲೆಯಿಂದ ಹುಡುಗರು ಕಂಪ್ಯೂಟರ್ ವಿಜ್ಞಾನ ಓದಲು ರಾಯಚೂರಿಗೆ ಬರುತ್ತಾರೆ. ಹೆಮ್ಮೆಯ ವಿಷಯ. ಐಐಟಿ ಕೊಡಲಿಲ್ಲ ಎಂಬ ಹೊಟ್ಟೆಯುರಿ ಇನ್ನೂ ಆರದಿದ್ದರೂ ಸಿಕ್ಕಿದ್ದಕ್ಕೆ ಸಂತೋಷ. ಆದರೆ ಅಲ್ಲಿ ಸೀಟು ಬೇಕೆಂದರೆ ಜೆಇಇ ಪರೀಕ್ಷೆ ಬರೆಯಬೇಕು, ಆ ಪರೀಕ್ಷೆ ನಡೆಯುವುದು ಕಂಪ್ಯೂಟರಿನ ಮೇಲೆ. ಅದೇ ತಾಲೂಕಿನ ಸರಕಾರಿ ಹೈಸ್ಕೂಲಿನ ಹುಡುಗಿ ಆ ಪರೀಕ್ಷೆಯ ದಿನವೇ ಮೊದಲ ಸಲ ಮೌಸ್ ಹಿಡಿದರೆ ಆಕೆಯ ಗತಿ ಏನು?

ಕರೆಂಟಿನ ಕಥೆಯೂ ಇಷ್ಟೇ. ಶಕ್ತಿನಗರದಲ್ಲಿ 1720 ಮೆಗಾವ್ಯಾಟು, ಯರಮರಸ್‌ನಲ್ಲಿ 1600 ಮೆಗಾವ್ಯಾಟು ಸಾಮರ್ಥ್ಯ. ಬೂದಿ ಈ ತಾಲೂಕಿನ ಎದೆಗೆ, ಬೆಳಕು ಇಡೀ ರಾಜ್ಯಕ್ಕೆ. ಹಳ್ಳಿ ಸಾಲಿಯಲ್ಲಿ ಹಗಲು ಹೊತ್ತು ಕರೆಂಟು ಕೈ ಕೊಟ್ಟರೆ ಹುಡುಗರಿಗೆ ಆಶ್ಚರ್ಯವೇ ಆಗುವುದಿಲ್ಲ.

ಮೊಬೈಲ್ ಅದಲ್ಲ, ಸಾಕಲ್ಲ?

ಊರ ಕಟ್ಟೆಯ ಮೇಲೆ ಈ ಮಾತು ತೆಗೆದರೆ ಬರುವ ಉತ್ತರ ಒಂದೇ: ಈಗಿನ ಹುಡುಗರಿಗೆ ಯಾರು ಕಲಿಸಬೇಕ್ರಿ, ಹುಟ್ಟಿದ ಕೂಸು ಮೊಬೈಲ್ ತಿಕ್ಕತದ.

ತಿಕ್ಕುತ್ತದೆ, ನಿಜ. 2024ರ ಅಸರ್ ವರದಿ ದೇಶದ ಹಳ್ಳಿಗಳ 14ರಿಂದ 16 ವಯಸ್ಸಿನ ಮಕ್ಕಳನ್ನು ಕೇಳಿ ಲೆಕ್ಕ ಹಾಕಿತು. ನೂರಕ್ಕೆ 82 ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದರಲ್ಲಿ ಓದಿಗೆ ಸಂಬಂಧಪಟ್ಟದ್ದು ಏನಾದರೂ ಮಾಡಿದವರು 57. ಸೋಷಿಯಲ್ ಮೀಡಿಯಾ ನೋಡಿದವರು 76. ಫೋನ್ ಬಳಸಲು ಬರುವವರಲ್ಲಿ ಸ್ವಂತ ಫೋನು ಇದ್ದದ್ದು ನೂರಕ್ಕೆ 36 ಹುಡುಗರಿಗೆ, ಹುಡುಗಿಯರಲ್ಲಿ 27 ಮಂದಿಗೆ. ಅಂದರೆ ಯಂತ್ರ ಕೈಗೆ ಬಂದಿದೆ, ಅದೂ ಅಣ್ಣನ ಕೈಗೆ ಮೊದಲು, ತಂಗಿಯ ಕೈಗೆ ಆಮೇಲೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಕೆಲಸ ಹೇಳುವುದು ಹೇಗೆ, ಅದು ತನ್ನಿಂದ ಏನು ಕಸಿದುಕೊಳ್ಳುತ್ತದೆ ಎಂಬುದು ಬಂದಿಲ್ಲ. ಹುಡುಗ ಫೋನಿನಲ್ಲಿ ನೂರು ರೀಲು ನೋಡುತ್ತಾನೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆರ್‌ಡಿ ನಂಬರ್ ಎಲ್ಲಿ ಹಾಕಬೇಕೆಂದರೆ ಅಂಗಡಿಗೆ ಓಡುತ್ತಾನೆ. ಕೊರೋನಾ ಕಾಲದಲ್ಲಿ, 2020ರಲ್ಲಿ, ಸಾಲಿ ಮುಚ್ಚಿ ಪಾಠ ಫೋನಿಗೂ ಚಂದನ ಟಿವಿಗೂ ಹೋದಾಗ ಏನಾಯಿತೆಂದು ನೆನಪಿಲ್ಲದವರು ಯಾರು? ಫೋನಿಲ್ಲದ ಮಕ್ಕಳಿಗಾಗಿ ಮಾಸ್ತರರು ಗುಡಿ ಕಟ್ಟೆಗೆ ಬಂದು ‘ವಿದ್ಯಾಗಮ’ದ ಪಾಠ ಹೇಳಬೇಕಾಯಿತು.

ಇನ್ನೊಂದು ಆಕ್ಷೇಪಣೆಯನ್ನು ಹಗುರವಾಗಿ ತೆಗೆದು ಹಾಕುವಂತಿಲ್ಲ. ಎಂಟನೇ ತರಗತಿಗೆ ಬಂದ ಹುಡುಗನಿಗೆ ಕನ್ನಡ ಸರಾಗ ಓದಲು ಬರುವುದಿಲ್ಲ, ಭಾಗಾಕಾರ ಬರುವುದಿಲ್ಲ. ಗಣಿತ, ಇಂಗ್ಲಿಷು, ವಿಜ್ಞಾನಕ್ಕೆ ಖಾಯಂ ಮಾಸ್ತರರಿಲ್ಲದ ಸಾಲಿಗಳು ಎಷ್ಟೋ. ಅತಿಥಿ ಶಿಕ್ಷಕರ ಮೇಲೆ ಬಂಡಿ ಸಾಗುತ್ತಿದೆ. ಇಂಥಲ್ಲಿ ಕಂಪ್ಯೂಟರ್ ಎಂಬ ಶೋಕಿ ಯಾಕೆ?

ಒಂದು ಗಣಿತ ಮಾಸ್ತರು, ಹತ್ತು ಕಂಪ್ಯೂಟರು, ಯಾವುದು ಬೇಕು ಎಂದು ಸರಕಾರ ಕೇಳಿದರೆ ಎರಡು ಮಾತಿಲ್ಲದೆ ಗಣಿತ ಮಾಸ್ತರನ್ನೇ ಕೇಳಿ ತೆಗೆದುಕೊಳ್ಳಬೇಕು. ಆದರೆ ಹಾಗೆ ಯಾರೂ ಕೇಳುತ್ತಿಲ್ಲ. ಕಂಪ್ಯೂಟರ್ ಆಗಲೇ ಬಂದು ಕೂತಿದೆ, ದುಡ್ಡು ಆಗಲೇ ಖರ್ಚಾಗಿದೆ. ಮತ್ತೆ, ಕಂಪ್ಯೂಟರ್ ಪಾಠ ಎಂದರೆ ಗಣಿತಕ್ಕೆ ವಿರೋಧ ಎಂದು ತಿಳಿಯುವುದು ಆ ಪಾಠವನ್ನು ನೋಡದವರ ಮಾತು.

ನೋಡಿರಿ, ಈ ಕಡೆ ಮನೆ ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಾರೆ. ನಾಲ್ಕು ಕವಡೆ. ಪ್ರತಿ ಕವಡೆ ಬೀಳುವುದು ಎರಡೇ ರೀತಿ, ಅಂಗಾತ ಇಲ್ಲವೇ ಬೋರಲು. ನಾಲ್ಕನ್ನು ಸಾಲಾಗಿ ಇಟ್ಟು ಯಾವುದು ಅಂಗಾತ, ಯಾವುದು ಬೋರಲು ಎಂದು ಬರೆಯುತ್ತ ಹೋದರೆ 16 ಬಗೆ ಆಗುತ್ತವೆ. ಐದು ಕವಡೆಯಾದರೆ 32, ಎಂಟಾದರೆ 256. ಕಂಪ್ಯೂಟರಿನೊಳಗೆ ಇರುವುದು ಇದೇ, ಅಂಗಾತ ಮತ್ತು ಬೋರಲು, ಒಂದು ಮತ್ತು ಸೊನ್ನೆ. ಎಂಟು ಕವಡೆ ಸೇರಿದರೆ ಒಂದು ಬೈಟು. ಇದನ್ನು ಕಲಿಸಲು ಕರೆಂಟು ಬೇಡ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಎಂಬ ಪ್ರೊಫೆಸರು ಮತ್ತು ಅವರ ಸಂಗಡಿಗರು ಕಂಪ್ಯೂಟರ್ ಇಲ್ಲದೆಯೇ ಕಂಪ್ಯೂಟರ್ ವಿಜ್ಞಾನ ಕಲಿಸುವ ಪಾಠಗಳನ್ನು 1990ರ ದಶಕದಲ್ಲೇ ಮಾಡಿದರು. ಕಾರ್ಡು, ಹಗ್ಗ, ಸೀಮೆಸುಣ್ಣದ ಗೆರೆ, ಅಷ್ಟೇ ಸಾಮಾನು. ಅವರ ಕಾರ್ಡಿನ ಬದಲು ಇಲ್ಲಿ ಕವಡೆ ಇಟ್ಟರಾಯಿತು. ಹೀಗೆ ಕಲಿತ ಹುಡುಗನಿಗೆ ಎರಡರ ಘಾತ ಎಂದರೇನೆಂದು ಗಣಿತದ ಮಾಸ್ತರು ಮತ್ತೆ ಬಡಿದು ಹೇಳಬೇಕಾಗಿಲ್ಲ.

ಯಂತ್ರದ ಮುಂದೆ ಕೂಡಿಸಿದ ಮೇಲೆ ಮೊದಲ ಪಾಠಕ್ಕೂ ಇಂಗ್ಲಿಷಿನ ಭಯ ಬೇಕಾಗಿಲ್ಲ. ಕೆ.ಪಿ. ರಾವ್ ಅವರು ಕನ್ನಡದ ಅಕ್ಷರಗಳನ್ನೆಲ್ಲ ಇಂಗ್ಲಿಷಿನ 26 ಗುಂಡಿಗಳೊಳಗೆ ಕೂಡಿಸುವ ಕೀಲಿಮಣೆ ಮಾಡಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇರುವುದು ಅದೇ ವಿನ್ಯಾಸ. ಎಫ್ ಗುಂಡಿ ಒತ್ತಕ್ಷರಕ್ಕೆ ಎಂಬುದೊಂದು ತಿಳಿದರೆ ಉಳಿದದ್ದು ಊಹೆಗೆ ಸಿಗುತ್ತದೆ. ವೈ, ಶಿಫ್ಟ್ ಹಿಡಿದು ಎ, ಆಮೇಲೆ ಪಿ, ಎಲ್, ಡಿ, ಐ, ಎನ್, ಎಫ್, ಎನ್, ಐ. ಹತ್ತು ಸಲ ಒತ್ತಿದರೆ ಪರದೆಯ ಮೇಲೆ ‘ಯಾಪಲದಿನ್ನಿ’ ಮೂಡುತ್ತದೆ. ತನ್ನ ಊರಿನ ಹೆಸರು ತಾನೇ ಮೂಡಿಸಿದ ಹುಡುಗಿಗೆ ಆ ಯಂತ್ರ ಸರಕಾರದ್ದು, ಹೆಡ್ ಮಾಸ್ತರದ್ದು ಎಂಬ ಅಂಜಿಕೆ ಅರ್ಧ ಹೋಗುತ್ತದೆ. ಹತ್ತು ಮಕ್ಕಳಿಗೆ ಒಂದು ಯಂತ್ರ ಕೊಟ್ಟರೆ ಮೌಸು ಯಾವಾಗಲೂ ಗಟ್ಟಿ ಹುಡುಗನ ಕೈಯಲ್ಲೇ ಇರುತ್ತದೆ, ಹುಡುಗಿಯರು ಹಿಂದೆ ನಿಂತು ಇಣುಕುತ್ತಾರೆ. ಅದಕ್ಕೆ ಮಾಸ್ತರು ಸರದಿ ಹಚ್ಚಬೇಕು. ಇದಕ್ಕೆ ಯಾವ ಬಜೆಟ್ಟೂ ಬೇಡ.

ಬೆಂಗಳೂರು, ದಿಲ್ಲಿಯಲ್ಲಿ ಮಾತು ಇದಕ್ಕಿಂತ ಬಹಳ ಮುಂದೆ ಹೋಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದ ಕೋಡಿಂಗ್ ಎಂದಿತು. ರಾಜ್ಯ ಸರಕಾರ ಆ ನೀತಿ ಬೇಡವೆಂದು 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಆಯೋಗ ಮಾಡಿತು. ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದವರು 2026-27ರಿಂದ ಮೂರನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆಯ ಪಾಠ ಎಂದು ಸಾರಿದರು. ಅದೂ ಬರಲಿ. 2023-24ರ ಯುಡೈಸ್ ಲೆಕ್ಕದ ಪ್ರಕಾರ ದೇಶದ ನೂರು ಸಾಲಿಗಳಲ್ಲಿ ಕಂಪ್ಯೂಟರ್ ಇದ್ದವು 57, ಇಂಟರ್ನೆಟ್ ಇದ್ದವು 54. ಆ 57ರೊಳಗೆ ಬೀಗ ತೆರೆದಿದ್ದವು ಎಷ್ಟು ಎಂಬ ಕಾಲಮ್ಮು ಆ ಲೆಕ್ಕದಲ್ಲಿ ಇಲ್ಲ.

ನೀತಿಗಾಗಿ ಕಾಯದೆ ಜಿಲ್ಲೆಯ ಮಟ್ಟದಲ್ಲಿ ಆಗುವಂಥವೂ ಇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ‘ಅರಿವು ಕೇಂದ್ರ’ ಎಂದು ಮಾಡಿ ಎಷ್ಟೋ ಕಡೆ ಕಂಪ್ಯೂಟರ್ ಕೊಟ್ಟಿದ್ದಾರೆ. ಸಾಲಿ ಬಿಟ್ಟ ಮೇಲೆ ಸಂಜೆ ಎರಡು ತಾಸು ಅಲ್ಲಿ ಮಕ್ಕಳಿಗೆ ಜಾಗ ಮಾಡಬಹುದು. ಟಾಲ್ಪ್ ತರಬೇತಿ ಪಡೆದ ಮಾಸ್ತರರ ಪಟ್ಟಿ ಇಲಾಖೆಯ ಹತ್ತಿರ ಇರಲೇಬೇಕು. ಅವರಲ್ಲಿ ಒಬ್ಬರಿಗೆ ವಾರಕ್ಕೆ ಎರಡು ಪೀರಿಯಡ್ ವೇಳಾಪಟ್ಟಿಯಲ್ಲೇ ಬರೆದು ಕೊಡಬಹುದು. ಬಾಯಿಮಾತಿನಲ್ಲಿ ಅಲ್ಲ, ಗೋಡೆಗೆ ಹಚ್ಚುವ ವೇಳಾಪಟ್ಟಿಯಲ್ಲಿ. ಯಂತ್ರ ಮಕ್ಕಳ ಕೈಯಲ್ಲಿ ಕೆಟ್ಟರೆ ಹೆಡ್ ಮಾಸ್ತರರ ಮೇಲೆ ವಸೂಲಿ ಇಲ್ಲ ಎಂದು ಉಪನಿರ್ದೇಶಕರು ಒಂದು ಸುತ್ತೋಲೆ ಹೊರಡಿಸಿದರೆ ಅರ್ಧ ಜಿಲ್ಲೆಯ ಬೀಗ ಬಿಚ್ಚಿಕೊಳ್ಳುತ್ತದೆ. ಅಂಕ ಮಾತ್ರ ಬೆಂಗಳೂರಿನಿಂದಲೇ ಬರಬೇಕು. ಅದನ್ನು ಕೇಳುವ ಕೆಲಸ ಶಾಸಕರದ್ದು. ವಿಧಾನಸಭೆಯಲ್ಲಿ ಕಲ್ಯಾಣ ಕರ್ನಾಟಕದ ಶಾಸಕರು ಅನುದಾನ ಕೇಳಿದ್ದು ಬೇಕಾದಷ್ಟು ಸಲ ಪತ್ರಿಕೆಗಳಲ್ಲಿ ಬಂದಿದೆ. ಐವತ್ತು ಅಂಕ ಕೇಳಿದ ಸುದ್ದಿ ಇನ್ನೂ ಬರಬೇಕು.

ಅಷ್ಟರೊಳಗೆ ವಿದ್ಯಾರ್ಥಿವೇತನದ ಅರ್ಜಿಯ ಕೊನೇ ದಿನಾಂಕ ಬರುತ್ತದೆ, ಝೆರಾಕ್ಸ್ ಅಂಗಡಿ ಮುಂದೆ ಸರದಿ ಹತ್ತುತ್ತದೆ. ಅಂಗಡಿಯ ತಮ್ಮನನ್ನು ದೂರಬೇಕಾಗಿಲ್ಲ. ಅವನಿಗೂ ಯಾವ ಸಾಲಿಯಲ್ಲೂ ಯಾರೂ ಕಲಿಸಿದ್ದಲ್ಲ. ಪಟ್ಟಣದ ಅಂಗಡಿಯೊಂದರಲ್ಲಿ ನೀರು ತುಂಬಿಸುತ್ತ, ಕಸ ಹೊಡೆಯುತ್ತ, ನೋಡಿ ನೋಡಿ ಕಲಿತವನು. ಹಳ್ಳಿಗಳ ಕಡೆ ಇವತ್ತಿಗೆ ಇರುವ ಕಂಪ್ಯೂಟರ್ ಮಾಸ್ತರು ಅವನೊಬ್ಬನೇ, ಮತ್ತು ಅವನ ಉದ್ದನೆ ಬುಕ್ಕು ತುಂಬುತ್ತ ಬಂದಿದೆ.